ಸಿನಿಮಾದಲ್ಲಿ ಇಲ್ಲದ ಕಣ್ಣೀರು

ಮಂಡ್ಯ ಕಡೆಯ ಹುಡುಗನೊಬ್ಬ ತನ್ನ ತಾಯಿಯ ಬಗ್ಗೆ 12 ನಿಮಿಷದ ಸಿನಿಮಾ ಮಾಡಿದ್ದಾನೆ. ತಾಯಿ ಗಾರ್ಮೆಂಟ್ಸ್‌ಗೆ ಹೋಗುವವರು. ಬೆಳಗಿನ ಜಾವ ಎದ್ದು, ಒಲೆ ಹಚ್ಚಿ, ಅಡುಗೆ ಮಾಡಿ, ಡಬ್ಬಿ ಕಟ್ಟಿಕೊಂಡು ಊರ ಮುಂದಿನ ಅರಳಿಕಟ್ಟೆಗೆ ಬಂದು ಟೆಂಪೋ ಹತ್ತುವವರೆಗಿನ ಹೊತ್ತು. ಸಿನಿಮಾ ಅಷ್ಟೇ. ತಾಯಿಯೇ ನಟಿಸಿದ್ದಾರೆ. ನಟಿಸಿದ್ದಾರೆ ಅನ್ನುವುದಕ್ಕಿಂತ, ಒಲೆಯ ಹೊಗೆಯನ್ನು ಸಹಿಸಿಕೊಳ್ಳುವ ಹಾಗೆ ಮಗನ ಕ್ಯಾಮೆರಾವನ್ನೂ ಸಹಿಸಿಕೊಂಡಿದ್ದಾರೆ ಅನ್ನಬೇಕು. ಸಂಕಲನ ಮುಗಿದ ಪ್ರತಿಯನ್ನು ಅವನ ಕಾಲೇಜಿನ ಲ್ಯಾಬಿನಲ್ಲಿ ಕೂತು ನೋಡಿದೆ. ವರ್ಷಕ್ಕೊಮ್ಮೆ ಅಲ್ಲಿ ಕೊನೆಯ ವರ್ಷದವರ ಚಿತ್ರಗಳನ್ನು ನೋಡಿ ನಾಲ್ಕು ಮಾತಾಡುವ ಕೆಲಸ ನನಗೆ ಬರುತ್ತದೆ. ಈ ಸಲ ನೋಡಿದ್ದರಲ್ಲಿ ಮನಸ್ಸಿನಲ್ಲಿ ಉಳಿದದ್ದು ಇದೊಂದೇ.

ಆಮೇಲೆ ಲ್ಯಾಪ್‌ಟಾಪಿನಲ್ಲಿ ಪೋಸ್ಟರಿನ ಕರಡು ತೋರಿಸಿದರು. ಕಪ್ಪು ಬಿಳುಪಿನಲ್ಲಿ ತಾಯಿಯ ಮುಖ, ಹಾಳೆಯ ತುಂಬ. ಸುಕ್ಕುಗಳನ್ನು ಒಂದೊಂದಾಗಿ ತಿದ್ದಿ ತೀಡಿ ಎದ್ದು ಕಾಣಿಸಿದ್ದಾರೆ. ಹಿಂದೆ ಒಂದು ದೊಡ್ಡ ಸೂಜಿ, ಸೂಜಿಯ ದಾರ ಹೋಗ್ತಾ ಹೋಗ್ತಾ ಮುಳ್ಳುತಂತಿಯಾಗಿದೆ. ಎಡಗೆನ್ನೆಯ ಮೇಲೆ ಒಂದು ಹನಿ ಕಣ್ಣೀರು. ಮೇಲ್ಗಡೆ ಎಲೆಗಳ ಹಾರದಂಥ ಎರಡು ಚಿಹ್ನೆ, ಒಳಗೆ ಖಾಲಿ. ಫಿಲ್ಮ್ ಫೆಸ್ಟಿವಲ್ಲಿಗೆ ಇನ್ನೂ ಅರ್ಜಿ ಹಾಕಿಲ್ಲ, ಆಯ್ಕೆಯಾದರೆ ತುಂಬಲು ಜಾಗ ಕಾದಿರಿಸಿದ್ದಾರೆ.

ಹುಡುಗ ಇದನ್ನು ತಾಯಿಗೆ ವಾಟ್ಸಾಪಿನಲ್ಲಿ ಕಳಿಸಿದ್ದನಂತೆ. ಅವರು ಕಳಿಸಿದ ವಾಯ್ಸ್ ಮೆಸೇಜನ್ನು ತಮಾಷೆಗೆಂದು ನಮಗೆಲ್ಲ ಕೇಳಿಸಿದ. "ಏನ್ಲಾ ಇದು, ನಾನ್ಯಾವತ್ತು ಇಂಗೆ ಅತ್ತಿದ್ದೆ?"

ಎಲ್ಲರೂ ನಕ್ಕರು. ಅಲ್ಲಿಯವರೆಗೆ ಆ ಪೋಸ್ಟರಿನ ಬಗ್ಗೆ ಬಂದಿದ್ದ ಮಾತುಗಳಲ್ಲಿ ವಿಮರ್ಶೆ ಅಂತ ಕರೆಯಬಹುದಾದ್ದು ಅದೊಂದೇ ಆಗಿತ್ತು. ಯಾಕೆಂದರೆ ಸಿನಿಮಾದಲ್ಲಿ ಆಕೆ ಎಲ್ಲೂ ಅಳುವುದಿಲ್ಲ. ಅಳುವುದಕ್ಕೆ ಹೊತ್ತೇ ಇಲ್ಲ ಅನ್ನುವುದೇ ಆ ಸಿನಿಮಾ. ಹನ್ನೆರಡು ನಿಮಿಷ ಒಬ್ಬ ನಿರ್ದೇಶಕ ತಡೆದುಕೊಂಡ ಕಣ್ಣೀರನ್ನು ಪೋಸ್ಟರು ಒಂದೇ ಏಟಿಗೆ ಹರಿಸಿಬಿಟ್ಟಿತ್ತು.

ಈ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ವಿದ್ಯಾರ್ಥಿಗಳ ಚಿತ್ರದ ಪ್ರಚಾರಕ್ಕೆ ಈಗ ಒಂದು ಸಿದ್ಧ ಅಚ್ಚು ಇದೆ. ಮೊದಲು ಟೈಟಲ್ ಪೋಸ್ಟರ್, ಆಮೇಲೆ ಫಸ್ಟ್ ಲುಕ್, ಆಮೇಲೆ ಮೋಷನ್ ಪೋಸ್ಟರ್, ಟೀಸರ್, ಟ್ರೇಲರ್. ಗಾಂಧಿನಗರದ ದೊಡ್ಡ ಚಿತ್ರವೊಂದು ಆರು ತಿಂಗಳಲ್ಲಿ ಹಂತ ಹಂತವಾಗಿ ಬಿಡುವುದನ್ನೆಲ್ಲ ಇವರು ಹದಿನೈದು ದಿನದಲ್ಲಿ ಬಿಡುತ್ತಾರೆ. ದೊಡ್ಡ ಚಿತ್ರಕ್ಕೆ ಅದರ ಅಗತ್ಯವಿದೆ. ಶುಕ್ರವಾರ ನೂರಾರು ಪರದೆಗಳಲ್ಲಿ ಒಟ್ಟಿಗೇ ಜನ ತುಂಬಬೇಕು, ನಾಯಕನ ಮುಖವೇ ಅಲ್ಲಿನ ಸರಕು. ವಿದ್ಯಾರ್ಥಿಯ ಚಿತ್ರಕ್ಕೆ ಶುಕ್ರವಾರವೂ ಇಲ್ಲ, ನಾಯಕನೂ ಇಲ್ಲ. ಯಾರಿಗೂ ಗೊತ್ತಿರದ ಮುಖಕ್ಕೆ ಫಸ್ಟ್ ಲುಕ್ ಅನ್ನುವುದರಲ್ಲಿ ಏನು ಅರ್ಥ?

ಟ್ರೇಲರಿನ ಲೆಕ್ಕ ಇನ್ನೂ ವಿಚಿತ್ರ. ಎರಡೂವರೆ ಗಂಟೆಯ ಸಿನಿಮಾಕ್ಕೆ ಎರಡೂವರೆ ನಿಮಿಷದ ಟ್ರೇಲರ್ ಅಂದರೆ ಅರವತ್ತರಲ್ಲಿ ಒಂದು ಭಾಗ. ಇದೇ ಲೆಕ್ಕ ಹಿಡಿದರೆ 12 ನಿಮಿಷದ ಚಿತ್ರಕ್ಕೆ 12 ಸೆಕೆಂಡು ಸಾಕು. ಇವರ ಯೋಜನೆಯಲ್ಲಿದ್ದದ್ದು ಎರಡು ನಿಮಿಷ. ಚಿತ್ರದ ಆರನೇ ಒಂದು ಭಾಗ! ಊಟಕ್ಕೆ ಕರೆದು ಬಾಗಿಲಲ್ಲೇ ಎಲೆಯ ಆರನೇ ಒಂದು ಭಾಗ ಬಡಿಸಿದ ಹಾಗೆ. ಅದರಲ್ಲೂ ಏನೇನಿತ್ತು ಅಂದರೆ, ಡ್ರೋನಿನಿಂದ ತೆಗೆದ ಊರು, ಎದೆ ನಡುಗಿಸುವ ಒಂದು ಸದ್ದು, ಕಪ್ಪು ಪರದೆ, ಒಂದು ಮಾತು, ಮತ್ತೆ ಸದ್ದು. ಸಿನಿಮಾದಲ್ಲಿ ಡ್ರೋನಿನ ಶಾಟ್ ಒಂದೂ ಇಲ್ಲ. ಟ್ರೇಲರಿಗೆಂದೇ ಡ್ರೋನನ್ನು ಬಾಡಿಗೆಗೆ ತರುವ ಏರ್ಪಾಟು ನಡೆದಿತ್ತು.

ಟ್ರೇಲರಿಗೆಂದೇ ಬೇರೆ ಶೂಟಿಂಗ್ ಮಾಡುವುದು ತಪ್ಪೇ ಅಂತ ಅವರು ಕೇಳಿದರು. ತಪ್ಪಲ್ಲ. ಹಾಗೆ ಮಾಡಿದವರೇ ಕೆಲವು ಸಲ ಒಳ್ಳೆಯ ಟ್ರೇಲರುಗಳನ್ನು ಮಾಡಿದ್ದಾರೆ. 'ಸಿಟಿಜನ್ ಕೇನ್' ಬಂದದ್ದು 1941ರಲ್ಲಿ, ಆರ್ಸನ್ ವೆಲ್ಸ್‌ಗೆ ಆಗ ಇಪ್ಪತ್ತೈದರ ಆಸುಪಾಸು, ಅವನ ಮೊದಲ ದೊಡ್ಡ ಚಿತ್ರ. ಅದರ ಟ್ರೇಲರನ್ನು ಬೇರೆಯಾಗಿಯೇ ಚಿತ್ರಿಸಿದ. ಅದರಲ್ಲಿ ವೆಲ್ಸ್ ಕಾಣಿಸುವುದೇ ಇಲ್ಲ. ಒಂದು ಮೈಕ್ ಕಾಣುತ್ತದೆ, ಅವನ ದನಿ ಕೇಳುತ್ತದೆ. ರಂಗಭೂಮಿಯಿಂದ ತನ್ನ ಜೊತೆ ಬಂದ ನಟರನ್ನು, ಸಿನಿಮಾದವರಿಗೆ ಹೊಸಬರಾದವರನ್ನು, ಒಬ್ಬೊಬ್ಬರಾಗಿ ಪರಿಚಯ ಮಾಡಿಸುತ್ತಾನೆ. ಕೇನ್ ಯಾರು, ಎಂಥವನು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕತೆ ಬಿಟ್ಟುಕೊಡುವುದಿಲ್ಲ. ಆದರೆ ಒಬ್ಬ ಮನುಷ್ಯನ ಬಗ್ಗೆ ಹತ್ತು ಜನರ ಹತ್ತು ಮಾತು ಅನ್ನುವ ಚಿತ್ರದ ಕಟ್ಟಡವೇ ಆ ನಾಲ್ಕು ನಿಮಿಷದಲ್ಲಿ ಕೂತಿದೆ.

ಹಿಚ್‌ಕಾಕ್ 'ಸೈಕೋ' ಚಿತ್ರಕ್ಕೆ 1960ರಲ್ಲಿ ಮಾಡಿದ್ದು ಇನ್ನೂ ಮೋಜಿನದು. ಆರು ನಿಮಿಷಕ್ಕೂ ಹೆಚ್ಚಿನ ಆ ಟ್ರೇಲರಿನಲ್ಲಿ ಆತನೇ ಮನೆ ಮಾರುವ ದಲ್ಲಾಳಿಯ ಹಾಗೆ ಮೋಟೆಲನ್ನೂ ಹಿಂದಿನ ಮನೆಯನ್ನೂ ಸುತ್ತಾಡಿಸಿ ತೋರಿಸುತ್ತಾನೆ. ಇಲ್ಲಿ ಏನೋ ಆಯಿತು ಅನ್ನುತ್ತಾನೆ, ಹೇಳಲು ಹೋಗಿ ನಿಲ್ಲಿಸುತ್ತಾನೆ. ಕೊನೆಗೆ ಸ್ನಾನದ ಮನೆಯ ಪರದೆ ಸರಿಸಿದಾಗ ಕಿರುಚುವವಳು ಚಿತ್ರದಲ್ಲಿ ಅಲ್ಲಿ ಸಾಯುವ ಜಾನೆಟ್ ಲೀ ಅಲ್ಲ, ಚಿತ್ರದಲ್ಲಿ ಅವಳ ತಂಗಿಯಾಗುವ ವೆರಾ ಮೈಲ್ಸ್, ವಿಗ್ ಹಾಕಿಕೊಂಡು. ನೋಡಿದವರಿಗೆ ಗೊತ್ತಾಗಲೇ ಇಲ್ಲ. ಇದನ್ನು ಮೋಸ ಅನ್ನಬಹುದೇ? ನನಗೆ ಹಾಗನ್ನಿಸುವುದಿಲ್ಲ. ಆ ಚಿತ್ರ ಪ್ರೇಕ್ಷಕನ ಜೊತೆ ಆಡುವ ಆಟವನ್ನೇ ಅದರ ಟ್ರೇಲರೂ ಆಡಿದೆ. ಅದೇ ಮಾತಿನಲ್ಲಿ, ಈ ಹುಡುಗರ ಡ್ರೋನ್ ಮೋಸ. ನೆಲಕ್ಕೆ ಕೂತು ಒಲೆ ಊದುವವಳ ಎತ್ತರದಲ್ಲಿ ಕ್ಯಾಮೆರಾ ಇಟ್ಟ ಚಿತ್ರವನ್ನು ಆಕಾಶದಿಂದ ತೋರಿಸಿ ಕರೆಯುವುದು ಬೇರೆ ಯಾವುದೋ ಚಿತ್ರಕ್ಕೆ ಕರೆದಂತೆ.

ಪೋಸ್ಟರಿನ ವಿಷಯಕ್ಕೆ ಬಂದರೆ, ಅಲ್ಲಿಯ ತಪ್ಪು ಅರ್ಧ ತಾಂತ್ರಿಕವಾದದ್ದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬಹಳ ಜನ ವಿದ್ಯಾರ್ಥಿಗಳು ಇಲ್ಲೇ ಎಡವುತ್ತಾರೆ. ಶೂಟಿಂಗ್ ದಿನ ಸ್ಥಿರಚಿತ್ರ ತೆಗೆಯಲು ಯಾರನ್ನೂ ಇಟ್ಟುಕೊಂಡಿರುವುದಿಲ್ಲ. ಕೊನೆಗೆ ಪೋಸ್ಟರ್ ಬೇಕು ಅಂದಾಗ ಸಿನಿಮಾದಿಂದಲೇ ಒಂದು ಫ್ರೇಮ್ ಕೀಳುತ್ತಾರೆ. ಸಿನಿಮಾದ ಫ್ರೇಮ್ ಅಡ್ಡ, ಪೋಸ್ಟರ್ ಉದ್ದ. 1920ಕ್ಕೆ 1080 ಪಿಕ್ಸೆಲ್ಲಿನ ಫ್ರೇಮಿನಿಂದ ಪೋಸ್ಟರಿನ ಎರಡಕ್ಕೆ ಮೂರರ ಅಳತೆ ಕತ್ತರಿಸಿದರೆ ಅಗಲದಲ್ಲಿ ಸಿಗುವುದು 720 ಪಿಕ್ಸೆಲ್ ಮಾತ್ರ. ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ, ಲೆಕ್ಕದಲ್ಲಿ ಹೇಳುವುದಾದರೆ ನೂರಕ್ಕೆ ಅರವತ್ತೆರಡೂವರೆ, ಕಸಕ್ಕೆ. ಉಳಿದದ್ದನ್ನು ಒಳ್ಳೆಯ ಮುದ್ರಣಕ್ಕೆ ಬೇಕಾದ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಅಚ್ಚು ಹಾಕಿದರೆ ಎರಡೂವರೆ ಇಂಚು ಅಗಲ ಬರಲಿಲ್ಲ. ಪಾಸ್‌ಪೋರ್ಟ್ ಫೋಟೋಗಿಂತ ಸ್ವಲ್ಪ ದೊಡ್ಡದು. ಇದನ್ನು ಹಿಗ್ಗಿಸಿ ಗೋಡೆಗೆ ಹಚ್ಚಿದರೆ ಮಸುಕಾಗುತ್ತದೆ. ಜೊತೆಗೆ ಸೆಕೆಂಡಿಗೆ 24 ಫ್ರೇಮಿನ ಚಿತ್ರೀಕರಣದಲ್ಲಿ ಒಂದೊಂದು ಫ್ರೇಮು ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗ ತೆರೆದಿರುತ್ತದೆ, ಕೈ ಆಡಿದರೆ ಕೈ ಕಲೆಸಿರುತ್ತದೆ. ಪರದೆಯ ಮೇಲೆ ಓಡುವಾಗ ಅದು ಚೆಂದ, ನಿಲ್ಲಿಸಿದಾಗ ಅಲ್ಲ.

ಹಾಗಾಗಿ ಅವರಿಗೆ ಸಿಗುವ ಗಟ್ಟಿಯಾದ ಫ್ರೇಮು ಯಾವುದು? ಅಲುಗಾಡದೆ ಕೂತ ಮುಖದ ಕ್ಲೋಸಪ್. ವಿದ್ಯಾರ್ಥಿ ಚಿತ್ರಗಳ ಪೋಸ್ಟರುಗಳಲ್ಲಿ ಇಷ್ಟೊಂದು ಮುಖಗಳು ಯಾಕೆ ಅನ್ನುವುದಕ್ಕೆ ನನಗೆ ಹೊಳೆದಿರುವ ಕಾರಣ ಇದು. ಮಸುಕು ಮುಚ್ಚಲು ಕಪ್ಪು ಬಿಳುಪು ಮಾಡುತ್ತಾರೆ, ಕಾಳು ಕಾಳಾದ ಧೂಳು ಎರಚುತ್ತಾರೆ, ಸುಕ್ಕು ತೀಡುತ್ತಾರೆ. ಅಷ್ಟಾದ ಮೇಲೆ ಆ ಮುಖ ಏನೋ ನೋವು ಹೇಳುತ್ತಿರುವಂತೆ ಕಾಣತೊಡಗುತ್ತದೆ. ನೋವಿಗೆ ಕಣ್ಣೀರು ಸೇರಿಸಲು ಆಮೇಲೆ ಎಷ್ಟು ಹೊತ್ತು?

ಅದಕ್ಕೇ ಪೋಸ್ಟರಿಗೆ ಬೇರೆ ಶೂಟಿಂಗ್ ಬೇಕು, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು, ಶೀರ್ಷಿಕೆಗೆ ಮೇಲೋ ಕೆಳಗೋ ಖಾಲಿ ಜಾಗ ಬಿಟ್ಟು. ಸಾಧಾರಣ 24 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಒಂದಿದ್ದರೆ ಎ3 ಅಳತೆಗೆ ಧಾರಾಳ. ಆದರೆ ಕ್ಯಾಮೆರಾ ಹಿಡಿಯುವ ಮೊದಲು ಏನನ್ನು ತೆಗೆಯಬೇಕು ಅಂತ ಗೊತ್ತಿರಬೇಕಲ್ಲ. ಅಲ್ಲಿಗೆ ಪ್ರಶ್ನೆ ತಾಂತ್ರಿಕವಾಗಿ ಉಳಿಯುವುದಿಲ್ಲ. ನಿಮ್ಮ ಸಿನಿಮಾ ಏನು ಅಂತ ಒಂದು ಚಿತ್ರದಲ್ಲಿ ಹೇಳಿ ಅಂದರೆ ಐದು ಜನರ ತಂಡ ಐದು ಉತ್ತರ ಕೊಟ್ಟಿತು. ತ್ಯಾಗ ಅಂದ ಒಬ್ಬ. ಶೋಷಣೆ ಅಂದಳು ಇನ್ನೊಬ್ಬಳು. ನಿರ್ದೇಶಕ ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ಕತ್ತಲು ಸಾರ್" ಅಂದ. "ಅಮ್ಮ ಹೋಗೋವಾಗ್ಲೂ ಕತ್ಲು, ಬರೋವಾಗ್ಲೂ ಕತ್ಲು. ಊರಲ್ಲಿ ಅವಳ ಬಣ್ಣ ಸರಿಯಾಗಿ ಯಾರೂ ನೋಡಿಲ್ಲ." ಸಂಕಲನ ಮುಗಿದ ಮೇಲೆ ತನ್ನ ಸಿನಿಮಾ ಏನು ಅಂತ ಅವನಿಗೆ ಗೊತ್ತಾಯಿತು. ತಡವಾಯಿತು ಅನ್ನಬಹುದು. ಸ್ಕ್ರಿಪ್ಟಿನ ಹಂತದಲ್ಲೇ ಪೋಸ್ಟರಿನ ಒಂದು ಪೆನ್ಸಿಲ್ ಗೀಟು ಎಳೆದಿದ್ದರೆ ಮೊದಲ ಎರಡು ನಿಮಿಷ ಬೇರೆ ಥರ ಇರುತ್ತಿತ್ತು ಅಂತ ನನ್ನ ಗುಮಾನಿ.

ಸತ್ಯಜಿತ್ ರಾಯ್ ಈ ವಿಷಯದಲ್ಲಿ ಅದೃಷ್ಟವಂತ. ಸಿನಿಮಾಕ್ಕೆ ಬರುವ ಮೊದಲು ಕಲ್ಕತ್ತದ ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದವನು, ಸಿಗ್ನೆಟ್ ಪ್ರೆಸ್ಸಿಗೆ ಮುಖಪುಟ ಮಾಡುತ್ತಿದ್ದವನು. 'ಪಥೇರ್ ಪಾಂಚಾಲಿ'ಯ ಮಕ್ಕಳ ಆವೃತ್ತಿಗೆ ಚಿತ್ರ ಬರೆದದ್ದು ಸಿನಿಮಾ ತೆಗೆಯುವುದಕ್ಕೆ ಎಷ್ಟೋ ವರ್ಷ ಮೊದಲು. ಆ ಕತೆಯನ್ನು ಅವನು ಕಪ್ಪು ಬಿಳುಪು ಚಿತ್ರಗಳಲ್ಲಿ ಮೊದಲು ನೋಡಿ, ಆಮೇಲೆ ಕ್ಯಾಮೆರಾ ಎತ್ತಿದ. ತನ್ನ ಚಿತ್ರಗಳ ಪೋಸ್ಟರುಗಳನ್ನೂ ತಾನೇ ಮಾಡಿದ, ಅದರಲ್ಲೂ ಅಕ್ಷರಗಳನ್ನು. ಬಂಗಾಳಿ ಲಿಪಿಯ ಮೇಲುಗೀಟನ್ನು ಅವನು ಬಗ್ಗಿಸಿದ, ಒಡೆದ, ಕುಣಿಸಿದ ರೀತಿ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಹೊಟ್ಟೆಕಿಚ್ಚು ಯಾಕೆಂದರೆ, ಕನ್ನಡದ ಲಿಪಿ ಇದಕ್ಕೆ ಏನು ಕಡಿಮೆ? ದುಂಡಗಿನ ಅಕ್ಷರ, ತಲೆಕಟ್ಟು, ಕೆಳಗೆ ನೇತಾಡುವ ಒತ್ತುಗಳು. ಹಿಂದೆ ಥಿಯೇಟರಿನ ಬ್ಯಾನರ್ ಬರೆಯುತ್ತಿದ್ದ ಕಲಾವಿದರು ಚಿತ್ರದ ಹೆಸರನ್ನು ಕೈಯಲ್ಲೇ ಬರೆಯುತ್ತಿದ್ದರು. ಬೆಂಕಿಯ ಕತೆಗೆ ಉರಿಯುವ ಅಕ್ಷರ ಅನ್ನುವಷ್ಟು ಸರಳವಾಗಿದ್ದರೂ ಅಲ್ಲೊಂದು ಕೈ ಇರುತ್ತಿತ್ತು. ಈಗಿನ ಟೆಂಪ್ಲೇಟುಗಳು ಇಂಗ್ಲಿಷಿನ ಸಾಲಿಗೆ ಅಳತೆ ಮಾಡಿದಂಥವು, ಅದರಲ್ಲಿ ನಮ್ಮ ಒತ್ತು ಕೆಳಗಿನ ಸಾಲಿಗೆ ಡಿಕ್ಕಿ ಹೊಡೆಯುತ್ತದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗೆ ಬೇಕಾದ ಸೆಟ್ಟಿಂಗ್ ಬದಲಿಸದೆ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುತ್ತಿತ್ತು. ಒಡೆದ ಒತ್ತಿನ ಜೊತೆಗೇ ಅಚ್ಚಾಗಿ ಬಂದ ಪೋಸ್ಟರುಗಳನ್ನು ನಾನೇ ನೋಡಿದ್ದೇನೆ. ಈ ತಂಡದ ಪೋಸ್ಟರಿನಲ್ಲಿ ಹೆಸರು ಇಂಗ್ಲಿಷಿನಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಸಣ್ಣದಾಗಿ ಇತ್ತು. ಫೆಸ್ಟಿವಲ್ಲಿನವರಿಗೆ ಅಂತ ಸಮಜಾಯಿಷಿ.

ಆ ಸಮಜಾಯಿಷಿಯನ್ನು ಪೂರ್ತಿ ತಳ್ಳಿಹಾಕಲಾರೆ. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಒಂದು ವರ್ಷದ ಕೋರ್ಸಿನ ಕೊನೆಗೆ ನಾಲ್ಕೇ ದಿನದಲ್ಲಿ ಚಿತ್ರೀಕರಿಸಿದ ಕನ್ನಡದ ಕಿರುಚಿತ್ರ 2024ರ ಮೇ ತಿಂಗಳಲ್ಲಿ ಕಾನ್‌ನಲ್ಲಿ ಸಿನಿಮಾ ಶಾಲೆಗಳ ವಿಭಾಗವಾದ ಲಾ ಸಿನೆಫ್‌ನ ಮೊದಲ ಬಹುಮಾನ ಪಡೆಯಿತು. ಹೆಸರು ಇಂಗ್ಲಿಷಿನದು, 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ'. ಕತೆ ನಮ್ಮದೇ ಅಜ್ಜಿಕತೆ. ಮುದುಕಿಯೊಬ್ಬಳು ಊರಿನ ಹುಂಜ ಕದ್ದುಕೊಂಡು ಹೋಗುತ್ತಾಳೆ, ಊರಿಗೆ ಬೆಳಗಾಗುವುದಿಲ್ಲ. 'ಅಜ್ಜಿ ಮತ್ತು ಕೋಳಿ' ಅಂತ ಹೆಸರಿಟ್ಟಿದ್ದರೆ ಕತೆ ಗೊತ್ತಿದ್ದವರು ಓ ಅದಾ ಅಂದು ಮುಂದೆ ಹೋಗುತ್ತಿದ್ದರು. ಸೂರ್ಯಕಾಂತಿಗೆ ಮೊದಲು ಗೊತ್ತಾಯಿತು ಅಂದಾಗ, ಏನು ಗೊತ್ತಾಯಿತು ಅಂತ ತಿರುಗಿ ನೋಡುತ್ತೇವೆ. ಹುಂಜವನ್ನೂ ಅಜ್ಜಿಯನ್ನೂ ಬಚ್ಚಿಟ್ಟು ಸೂರ್ಯನಿಗೆ ಕಾಯುವ ಹೂವನ್ನು ಮುಂದಿಟ್ಟ ಆ ಹೆಸರು ಒಂದು ಒಳ್ಳೆಯ ಟ್ರೇಲರಿನ ಕೆಲಸವನ್ನು ಆಗಲೇ ಮಾಡಿದೆ. ನಮ್ಮ ಹುಡುಗರು ಅಲ್ಲಿಂದ ಕಲಿಯಬೇಕಾದ್ದು ಆ ಬಚ್ಚಿಡುವಿಕೆಯನ್ನು. ಕಲಿತದ್ದು ಇಂಗ್ಲಿಷ್ ಹೆಸರನ್ನು.

ಇನ್ನೊಂದು ವಿಷಯ ಉಳಿದಿದೆ, ನನ್ನನ್ನು ಈ ಬರಹಕ್ಕೆ ಕೂರಿಸಿದ್ದು ಅದೇ. ಟ್ರೇಲರಿನ ಯೋಜನೆಯಲ್ಲಿ ಆ ಸದ್ದಿನ ನಂತರ, ಕಪ್ಪು ಪರದೆಯ ನಂತರ ಬರುವ ಒಂದು ಮಾತು ಅಂದೆನಲ್ಲ, ಅದು ಟೆಂಪೋದೊಳಗೆ ಕೂತ ಹೆಂಗಸೊಬ್ಬಳದು. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್, ತಪ್ಪಿದರೆ ಸೂಪರ್‌ವೈಸರ್ ಏನು ಬಯ್ಯುತ್ತಾನೆ ಅನ್ನುವುದನ್ನು ಅವನದೇ ದನಿಯಲ್ಲಿ ಅಣಕಿಸಿ ಹೇಳುತ್ತಾಳೆ. ಸಿನಿಮಾದಲ್ಲಿ ಇದು ಹತ್ತನೆಯ ನಿಮಿಷದಲ್ಲಿ ಬರುತ್ತದೆ, ಅರೆಗತ್ತಲಲ್ಲಿ, ಸುತ್ತ ನಗು, ಮುಂದೆ ಮತ್ತೇನೋ ಮಾತು. ಟ್ರೇಲರಿನಲ್ಲಿ ಅದೊಂದೇ, ಮುಖ ಸಮೇತ, ಆರು ಸೆಕೆಂಡು. ಸಿನಿಮಾವನ್ನು ಫೆಸ್ಟಿವಲ್ಲಿನಲ್ಲಿ ನೂರು ಜನ ನೋಡಬಹುದು. ಟ್ರೇಲರ್ ಒಂದು ಮಧ್ಯಾಹ್ನದೊಳಗೆ ಆ ಫ್ಯಾಕ್ಟರಿಯ ಎಲ್ಲರ ಫೋನಿಗೂ ಬರುತ್ತದೆ, ಆ ಸೂಪರ್‌ವೈಸರನ ಫೋನಿಗೂ. ಆಕೆಯ ಒಪ್ಪಿಗೆ ಇದೆಯಾ ಅಂತ ಕೇಳಿದೆ. ಸಹಿ ಹಾಕಿಸಿಕೊಂಡಿದ್ದೀವಿ ಅಂದರು. ಯಾವುದಕ್ಕೆ ಸಹಿ? ಸಿನಿಮಾಕ್ಕೆ.

ಅಮೆರಿಕದಲ್ಲಿ 1999ರಲ್ಲಿ 'ದ ಬ್ಲೇರ್ ವಿಚ್ ಪ್ರಾಜೆಕ್ಟ್' ಬಂದಾಗ ಅದರ ಪ್ರಚಾರವನ್ನು ಜಗತ್ತೇ ಹೊಗಳಿತು. ಫ್ಲೋರಿಡಾದ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದುವಾಗ ಜೊತೆಯಾದ ಇಬ್ಬರು ಗೆಳೆಯರು ಚಿಕ್ಕಾಸಿನಲ್ಲಿ ತೆಗೆದ ಚಿತ್ರ. ಮೂವರು ನಟರೂ ತಮ್ಮ ಸ್ವಂತ ಹೆಸರಿನಲ್ಲೇ ನಟಿಸಿದ್ದರು. ಅವರ ಮುಖ ಹಾಕಿ 'ಕಾಣೆಯಾಗಿದ್ದಾರೆ' ಅಂತ ಪೋಸ್ಟರ್ ಹಚ್ಚಿದರು. ಜನ ನಂಬಿದರು. ನಟಿ ಹೆದರ್ ಡಾನಹ್ಯೂ ಅವರ ತಾಯಿಗೆ ಮಗಳು ಸತ್ತಳೆಂದು ಸಂತಾಪದ ಪತ್ರಗಳು ಬಂದವು. ಪ್ರಚಾರದ ಪಾಠಗಳಲ್ಲಿ ಈ ಪ್ರಸಂಗವನ್ನು ಇವತ್ತಿಗೂ ಜಾಣತನದ ಮಾದರಿ ಅಂತ ಹೇಳಿಕೊಡುತ್ತಾರೆ. ಪತ್ರ ಬಿಚ್ಚಿ ಓದಿದ ತಾಯಿಗೆ ಆ ಪಾಠದಲ್ಲಿ ಜಾಗವಿಲ್ಲ.

ಹುಡುಗ ಆ ಮಾತನ್ನು ಟ್ರೇಲರಿನಿಂದ ತೆಗೆದ. ಸಿನಿಮಾದಲ್ಲಿ ಉಳಿಸಿಕೊಂಡ, ಆಕೆಯನ್ನು ಮತ್ತೆ ಕೇಳಿ. ತೆಗೆದದ್ದಕ್ಕೆ ತಂಡದಲ್ಲಿ ಜಗಳವಾಯಿತು, ಇದ್ದ ಒಂದು ಪಂಚ್ ಹೋಯಿತು ಅಂತ. ಅವರ ಸಂಕಟ ಸುಳ್ಳೇನಲ್ಲ.

ಬದಲಿಗೆ ಒಂದೇ ಶಾಟ್ ತೆಗೆಯುವುದು ಅಂತಾಯಿತು. 'ದ ಶೈನಿಂಗ್' ಚಿತ್ರಕ್ಕೆ ಕ್ಯೂಬ್ರಿಕ್ ಬಿಟ್ಟ ಟೀಸರಿನಲ್ಲಿ ಅಲುಗಾಡದ ಕ್ಯಾಮೆರಾ, ಮುಚ್ಚಿದ ಲಿಫ್ಟಿನ ಬಾಗಿಲು, ಅಲ್ಲಿಂದ ಉಕ್ಕುವ ರಕ್ತ ಇಷ್ಟೇ ಇದೆ ಅಂತ ನಾನು ಹೇಳಿದ್ದು ಅವರ ತಲೆಗೆ ಹೋಗಿತ್ತು. ಇವರದರಲ್ಲಿ ರಕ್ತವಿಲ್ಲ. ಕತ್ತಲ ರಸ್ತೆ, ಅರಳಿಕಟ್ಟೆ, ಹೆಂಗಸರ ಮಾತಿನ ಗುಜುಗುಜು, ದೂರದಲ್ಲಿ ಟೆಂಪೋದ ಬೆಳಕು. ಬೆಳಕು ಹತ್ತಿರ ಬಂದು ಯಾರ ಮುಖವೂ ಕಾಣುವ ಮೊದಲೇ ಕಟ್. ಇಪ್ಪತ್ತು ಸೆಕೆಂಡು. ಟೆಂಪೋ ಸಿನಿಮಾದವರಿಗಾಗಿ ಕಾಯುವುದಿಲ್ಲ, ಹಾಗಾಗಿ ದಿನಕ್ಕೆ ಒಂದೇ ಟೇಕ್. ಮೊದಲ ದಿನ ಫೋಕಸ್ ತಪ್ಪಿತು. ಎರಡನೆಯ ದಿನ ಟೆಂಪೋ ಐದು ನಿಮಿಷ ಮೊದಲೇ ಬಂತು. ಮೂರನೆಯ ದಿನ ಸಿಕ್ಕಿತು, ಮಧ್ಯೆ ಒಂದು ನಾಯಿ ಅಡ್ಡ ಬಂದಿದೆ. ನಾಯಿ ಇರಲಿ ಅಂದೆ.

ಪೋಸ್ಟರಿನ ಶೂಟಿಂಗ್ ಭಾನುವಾರ ಇಟ್ಟುಕೊಂಡರು, ತಾಯಿಗೆ ಒಂದು ದಿನದ ಸಂಬಳ ಹೋಗಬಾರದು ಅಂತ. ಅದೇ ಕಟ್ಟೆ, ಅದೇ ಹೊತ್ತು, ಕೈಯಲ್ಲಿ ಡಬ್ಬಿಯ ಚೀಲ. ಕೆಲಸದ ಸೀರೆಯಲ್ಲಿ ಒಂದಿಪ್ಪತ್ತು ಚಿತ್ರ ತೆಗೆದ ಮೇಲೆ ಆಕೆ ಸ್ವಲ್ಪ ಇರಿ ಅಂತ ಮನೆಗೆ ಹೋಗಿ, ಜಾತ್ರೆಗೆ ಉಡುವ ಹಸಿರು ಸೀರೆ ಉಟ್ಟು, ತಲೆ ಬಾಚಿ, ಕನಕಾಂಬರ ಮುಡಿದು ಬಂದು ನಿಂತರಂತೆ. ಕ್ಯಾಮೆರಾದವನು ತಲೆ ಚಚ್ಚಿಕೊಂಡ. ಸಿನಿಮಾದಲ್ಲಿ ಈ ಸೀರೆ ಇಲ್ಲವೇ ಇಲ್ಲ, ಕಂಟಿನ್ಯುಟಿ ಹೋಯಿತು ಅಂತ. "ಗೋಡೆಗೆ ಅಂಟ್ಸದು ಅಂದ್ರಲ್ಲಪ್ಪ" ಅಂದರಂತೆ ಆಕೆ.

ಎರಡೂ ಬಗೆಯ ಚಿತ್ರಗಳನ್ನು ನನಗೆ ಕಳಿಸಿದ್ದಾರೆ. ಕೆಲಸದ ಸೀರೆಯದು ಒಳ್ಳೆಯ ಚಿತ್ರ, ಬೆಳಕು ಸರಿಯಾಗಿದೆ, ಸಿನಿಮಾಕ್ಕೆ ಹೊಂದುತ್ತದೆ. ಹಸಿರು ಸೀರೆಯದರಲ್ಲಿ ಆಕೆ ಸ್ಟುಡಿಯೋದಲ್ಲಿ ನಿಂತ ಹಾಗೆ ನೆಟ್ಟಗೆ ನಿಂತಿದ್ದಾರೆ. ಭಾನುವಾರವಾದ್ದರಿಂದ ಚೀಲ ಖಾಲಿ, ಅದು ಸೊಟ್ಟಗೆ ತೂಗುತ್ತಿರುವುದರಲ್ಲೇ ಗೊತ್ತಾಗುತ್ತದೆ. ಹನ್ನೆರಡು ನಿಮಿಷದ ಸಿನಿಮಾದಲ್ಲಿ ಒಮ್ಮೆಯೂ ಕ್ಯಾಮೆರಾ ಕಡೆ ನೋಡದವರು ಇಲ್ಲಿ ನೇರ ನೋಡುತ್ತಿದ್ದಾರೆ. ಬಣ್ಣ ಚೆನ್ನಾಗಿ ಕಾಣುತ್ತಿದೆ. ನನ್ನ ಮತ ಇದಕ್ಕೆ ಅಂತ ಬರೆದು ಕಳಿಸಿದೆ. ಸಿನಿಮಾದಲ್ಲಿ ಇಲ್ಲದ ಕಣ್ಣೀರು ಬೇಡ ಅಂದವರು ಸಿನಿಮಾದಲ್ಲಿ ಇಲ್ಲದ ಸೀರೆ ಹೇಗೆ ಒಪ್ಪಿದಿರಿ ಸಾರ್ ಅಂತ ಕ್ಯಾಮೆರಾದವನು ಕೇಳಿದ್ದಾನೆ. ಒಳ್ಳೆಯ ಪ್ರಶ್ನೆ. ಕಣ್ಣೀರು ಹಾಕಿದವರು ನೀವು, ಸೀರೆ ಉಟ್ಟವರು ಅವರು ಅಂತ ಉತ್ತರ ಬರೆದೆ. ಅವನಿಗೆ ಸಮಾಧಾನವಾದ ಹಾಗಿಲ್ಲ.

ತಂಡದಲ್ಲಿ ಈಗ ಮೂವರು ಒಂದು ಕಡೆ, ಇಬ್ಬರು ಒಂದು ಕಡೆ. ಹುಡುಗ ಎರಡೂ ಚಿತ್ರಗಳನ್ನು ತಾಯಿಗೆ ಕಳಿಸಿದ್ದಾನೆ. ನೀಲಿ ಗೀಟು ಇನ್ನೂ ಬಿದ್ದಿಲ್ಲವಂತೆ. ಈ ವಾರ ಓವರ್‌ಟೈಮ್ ಇದೆ.